ಧರ್ಮದ ದಟ್ಟಿ, ದೊಡ್ಡವ್ವನ ದನಿ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳು ಅಂತ ಒಂದು ಗಾದೆ ಇದೆ. ಪುಕ್ಕಟೆ ಬಂದದ್ದರ ಉದ್ದ ಅಗಲ ಕೇಳಬಾರದು ಅಂತ ಅದರ ಬುದ್ಧಿಮಾತು. ನಾನು ಸೊಲ್ಲಾಪುರದ ಟಾವೆಲ್ಲು, ಚಾದರದ ಅಂಗಡಿಯ ಮನೆಯಲ್ಲಿ ಹುಟ್ಟಿದವಳು. ನಾವು ಮೊಳ ಹಾಕುತ್ತೇವೆ. ಧರ್ಮಕ್ಕೆ ಕೊಟ್ಟರೂ ಹಾಕುತ್ತೇವೆ, ಅದೂ ಹಿತ್ತಲಿಗೆ ಹೋಗಿ ಅಲ್ಲ, ಕೊಟ್ಟವರ ಕಣ್ಣೆದುರಿಗೇ. ಆದ್ದರಿಂದ ಲಿನಕ್ಸ್ ಎಂಬ, ಕಂಪ್ಯೂಟರನ್ನೇ ನಡೆಸುವ ಪುಕ್ಕಟೆ ವ್ಯವಸ್ಥೆಯ ಮೇಲೆ ವಿಡಿಯೋ ಕತ್ತರಿಸಿ ಜೋಡಿಸುವ ಪುಕ್ಕಟೆ ತಂತ್ರಾಂಶಗಳ ಬಗ್ಗೆ ನಾನು ಬಾಯಿ ಮುಚ್ಚಿಕೊಂಡಿರಬೇಕು ಅಂತ ಯಾರೂ ಉಪದೇಶ ಮಾಡಬೇಡಿ. ಅವುಗಳ ಹೆಸರು ಕೇಳಿದರೆ ನನಗೆ ಹೇಸಿಗೆ ಬರುತ್ತದೆ.

ಮೊದಲಿನಿಂದ ಹೀಗಿರಲಿಲ್ಲ. ಒಂದು ಕಾಲಕ್ಕೆ ನಾನು ಲಿನಕ್ಸಿನ ಭಕ್ತೆಯೇ ಆಗಿದ್ದೆ. ಟೈಪಿಂಗ್ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿಸುವಾಗ ಅದರ ಗುಣಗಾನ ಮಾಡಿ ಹುಡುಗಿಯರ ತಲೆ ತಿಂದಿದ್ದೇನೆ. ಕದ್ದ ಮಾಲಲ್ಲ, ಯಾರ ಮುಲಾಜೂ ಇಲ್ಲ, ಒಳಗೆ ಏನಿದೆ ಅಂತ ಬೇಕಾದವರು ಬಿಚ್ಚಿ ನೋಡಬಹುದು. ಕ್ಲಾಸು ಮುಚ್ಚಿದ ಮೇಲೆ ಅಣ್ಣನ ಅಂಗಡಿಯಲ್ಲಿ ಬಿಲ್ಲು ಮಾಡಲು ಕೂತೆ. ಅಲ್ಲಿದ್ದ ಮುದಿ ಕಂಪ್ಯೂಟರಿಗೂ ಅದನ್ನೇ ಹಾಕಿದೆ. ಅಣ್ಣ ಪುಕ್ಕಟೆ ಎಂಬ ಒಂದೇ ಮಾತಿಗೆ ಒಪ್ಪಿದ. ಬಿಲ್ಲು, ಪತ್ರ, ಸ್ಟಾಕು ಎಲ್ಲ ಸುಸೂತ್ರವಾಗಿ ನಡೆಯಿತು, ಇವತ್ತಿಗೂ ನಡೆಯುತ್ತಿದೆ. ಅದರಲ್ಲಿ ನನ್ನ ತಕರಾರಿಲ್ಲ. ವಿಡಿಯೋದ ಗೊಡವೆಗೆ ಹೋಗುವ ತನಕ ನನಗೂ ಅದಕ್ಕೂ ಜಗಳವೇ ಇರಲಿಲ್ಲ.

ಗೊಡವೆಗೆ ಹಚ್ಚಿದವಳು ನಮ್ಮ ದೊಡ್ಡವ್ವ, ಅವ್ವನ ಅಕ್ಕ. ಹುಟ್ಟಿದ್ದು ನಾಗಣಸೂರದಲ್ಲಿ, ಕೊಟ್ಟದ್ದು ಅಕ್ಕಲಕೋಟಕ್ಕೆ. ಮಗ, ಸೊಸೆ, ಮೊಮ್ಮಗಳು, ಎರಡು ಎಮ್ಮೆ, ಎಲ್ಲರ ಮೇಲೂ ಅವಳದೇ ದರ್ಬಾರು. ಅಡುಗೆಮನೆಯಿಂದ ಕೂಗಿದರೆ ಬೀದಿಯಲ್ಲಿ ಹೋಗುವ ಗಂಡಸು ತನ್ನನ್ನೇ ಕರೆದರೇನೋ ಅಂತ ನಿಲ್ಲುತ್ತಿದ್ದ. ನಮ್ಮಲ್ಲಿ ಮದುವೆಗೆ ಮೊದಲು ಬೀಸುಕಲ್ಲಿಗೆ ಪೂಜೆ ಮಾಡಿ, ಮುತ್ತೈದೆಯರು ಕೂಡಿ ಅರಿಷಿಣ ಬೀಸುವ ಶಾಸ್ತ್ರವಿದೆ. ಅವತ್ತು ಹಾಡುವವಳು ದೊಡ್ಡವ್ವನೇ. ನನ್ನ ಓರಗೆಯವರ ಅಷ್ಟೂ ಮದುವೆಗಳ ಅರಿಷಿಣ ಅವಳ ಹಾಡಿನೊಳಗೇ ಬೀಸಿದ್ದು. ಮರಾಠಿ ಮಾತ್ರ ಓದಲು ಬರುವ ಹುಡುಗಿಯರೂ ಆ ಹೊತ್ತಿಗೆ ಸುಮ್ಮನೆ ಕೂತು ಕೇಳುತ್ತಿದ್ದರು.

ಸುಟ್ಟ ತಂಬಾಕಿನ ಮಿಶ್ರಿಪುಡಿಯನ್ನು ಜನ್ಮವಿಡೀ ಹಲ್ಲಿಗೆ ತಿಕ್ಕಿದವಳ ಗಂಟಲು. ಒಂದು ಬೇಸಿಗೆಗೆ ದನಿ ಒಡೆಯಿತು, ಮಳೆಗಾಲಕ್ಕೆ ನುಂಗಲು ತ್ರಾಸಾಯಿತು. ಸೊಲ್ಲಾಪುರದ ಡಾಕ್ಟರು ಗಂಟು ಕೆಟ್ಟದ್ದು, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ತೆಗೆದರೆ ಜೀವ ಉಳಿಯುತ್ತದೆ, ಮಾತು ಹೋಗುತ್ತದೆ. ಮೊಮ್ಮಗಳ ಮದುವೆ ತುಳಸಿ ಲಗ್ನದ ನಂತರಕ್ಕೆ ಆಗಲೇ ನಿಶ್ಚಯವಾಗಿತ್ತು. ಡಾಕ್ಟರ ಕೋಣೆಯಿಂದ ಹೊರಗೆ ಬಂದು, ಆ ಒಡೆದ ದನಿಯಲ್ಲೇ ದೊಡ್ಡವ್ವ ನನ್ನ ಕೈ ಹಿಡಿದಳು.

"ಏ ಮಗಳ, ನೀ ಕಂಪ್ಯೂಟರ ಕಲ್ತಾಕಿ. ನನ್ನ ದನಿ ತಗದ ಇಟ್ಟಬಿಡ. ಮೊಮ್ಮಗಳ ಲಗ್ನದಾಗ ಬೀಸುಕಲ್ಲಿನ ಮುಂದ ನಾ ಹಾಡಲೇಬೇಕ. ಕುಂದ್ರಾಕ ನಾ ಬರ್ತೀನಿ, ದನಿ ನೀ ತಗೊಂಡ ಬಾ."

ಆ ಮಾತಿಗೆ ನಾನು ಹೂಂ ಅಂದೆ.

ಆಪರೇಷನ್ನಿಗೆ ಮೊದಲು ಒಂದು ದಿನ ಅಕ್ಕಲಕೋಟಕ್ಕೆ ಹೋದೆ. ದೊಡ್ಡವ್ವ ಹಸಿರು ಇಳಕಲ್ ಸೀರೆ ಉಟ್ಟು ಬೀಸುಕಲ್ಲಿನ ಮುಂದೆ ತಯಾರಾಗಿ ಕೂತಿದ್ದಳು. ಒಳಕೋಣೆ, ಬೆಳಕು ಕಡಿಮೆ. ಹಿಟ್ಟಿನ ಡಬ್ಬಿಯ ಮೇಲೆ ನನ್ನ ಮೊಬೈಲು ನಿಲ್ಲಿಸಿದೆ. ಗಂಟಲಿಗೆ ಬಿಸಿನೀರು ಬಿಟ್ಟುಕೊಳ್ಳುತ್ತ ಹಾಡಿದಳು.

"ಮೆಲ್ಲಕ ತಿರುಗ ಕಲ್ಲೇ, ನನ್ನ ಕೂಸು ಬೆಲ್ಲದಂಥ ಮನಿಗೆ ಹೊಂಟಾಳ" ಎಂಬಲ್ಲಿ ದನಿ ಸೀಳಿತು. ಮತ್ತೆ ಹಾಡಿದಳು. ನಡುನಡುವೆ ಕೆಮ್ಮು, ನಡುನಡುವೆ ಬೈಗುಳ. ಸೊಸೆಗೆ, ಎಮ್ಮೆಗೆ, ಬಾಗಿಲಲ್ಲಿ ಇಣುಕಿದ ನೆರೆಯವಳಿಗೆ, ಯಾರನ್ನೂ ಬಿಡಲಿಲ್ಲ. ಹಾಡು ಮುಗಿದ ಮೇಲೆ ಮೊಬೈಲಿನ ಕಡೆ ತಿರುಗಿ "ಆತೇನ ಬೇ? ಬಂತಿಲ್ಲೋ?" ಅಂದಳು. ನಾನು ಕೇಳಿದ ಅವಳ ಕೊನೆಯ ಪೂರಾ ಮಾತುಗಳಲ್ಲಿ ಅದೂ ಒಂದು.

ಆಪರೇಷನ್ ಆಯಿತು. ಜೀವ ಉಳಿಯಿತು. ಕುತ್ತಿಗೆಯಲ್ಲಿ ಉಸಿರಾಡಲು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಚಪ್ಪಾಳೆ ತಟ್ಟಿ ಕರೆಯುವುದನ್ನು ಕಲಿತಳು. ಚಪ್ಪಾಳೆಯಲ್ಲೂ ಬೈಗುಳ ಕೇಳುತ್ತಿತ್ತು.

ಇತ್ತ ನಾನು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ವಿಡಿಯೋ ಜೋಡಿಸಲು ಕೂತೆ. ಕೆಮ್ಮು, ಬೈಗುಳ ತೆಗೆದು ಹಾಡು ಮಾತ್ರ ಉಳಿಸಬೇಕು, ಕೆಳಗೆ ಮರಾಠಿಯಲ್ಲಿ ಅರ್ಥ ಬರಬೇಕು, ಮೊದಲಿಗೆ ಕನ್ನಡದಲ್ಲಿ ಒಂದು ಶೀರ್ಷಿಕೆ. ಇಷ್ಟೇ. ಯುದ್ಧದ ಸಿನಿಮಾ ಮಾಡಲು ಹೊರಟಿರಲಿಲ್ಲ.

ಮೊದಲನೆಯ ತಂತ್ರಾಂಶ ಚೆನ್ನಾಗಿ ತೆರೆಯಿತು, ಕತ್ತರಿಸಲು ಶುರು ಮಾಡಿದೊಡನೆ ಹೇಳದೆ ಕೇಳದೆ ಮುಚ್ಚಿಹೋಯಿತು. ಎರಡನೆಯದು ಕತ್ತರಿಸಿತು, ಆದರೆ ಕನ್ನಡ ಬರೆದರೆ ಒತ್ತಕ್ಷರಗಳು ಬುಡದಿಂದ ಕಳಚಿ ಪಕ್ಕಕ್ಕೆ ಬಿದ್ದವು. ಸಿನಿಮಾದವರೇ ಬಳಸುತ್ತಾರೆ ಅಂತ ಕೊಂಡಾಡುವ ಇನ್ನೊಂದು ಉಂಟು, ಅದು ಬಿಚ್ಚಿ ನೋಡಬಹುದಾದ ಮುಕ್ತ ಜಾತಿಯದೂ ಅಲ್ಲ, ಆದರೂ ಲಿನಕ್ಸಿಗೆ ಪುಕ್ಕಟೆ ಸಿಗುತ್ತದೆ. ಅದನ್ನು ಇಳಿಸಿಕೊಂಡರೆ ಪುಕ್ಕಟೆಯವರಿಗೆ ಮೊಬೈಲಿನ ವಿಡಿಯೋ ತೆರೆಯುವುದೇ ಇಲ್ಲವಂತೆ. ಮದುವೆಮನೆಗೆ ಕರೆದು ಎಲೆ ಹಾಕಿ ಅನ್ನ ಬಡಿಸದೆ ಕಳಿಸಿದ ಹಾಗೆ. ಥೂ.

ಕೊನೆಗೆ ಒಂದಕ್ಕೆ ಗಂಟುಬಿದ್ದೆ. ಅದರಲ್ಲಿ ಎಲ್ಲವೂ ಇತ್ತು, ಯಾವುದೂ ನೆಟ್ಟಗಿರಲಿಲ್ಲ. ನಮ್ಮ ಮುದಿ ಕಂಪ್ಯೂಟರಿಗೆ ಭಾರ ಅಂತ ಅದು ಪ್ರತಿ ವಿಡಿಯೋಕ್ಕೂ ಒಂದು ಸಣ್ಣ, ಮಸುಕು ನಕಲು ಮಾಡಿಕೊಳ್ಳುತ್ತಿತ್ತು. ಪ್ರಾಕ್ಸಿ ಅನ್ನುತ್ತಾರೆ. ನಾವು ಊರೂರಿಗೆ ಚಾದರದ ಥಾನು ಹೊರದೆ ಅಂಗೈಯಗಲದ ನಮೂನೆಯ ತುಂಡು ಒಯ್ಯುತ್ತೇವಲ್ಲ, ಅದೇ ಲೆಕ್ಕ. ಕತ್ತರಿಸುವಾಗ ನಮೂನೆ ನೋಡುವುದು, ಕೊನೆಗೆ ಅಸಲಿನಿಂದ ಪೂರಾ ವಿಡಿಯೋ ತೆಗೆಯುವುದು. ಉಪಾಯ ಒಳ್ಳೆಯದೇ. ಆದರೆ ಈ ತಂತ್ರಾಂಶ ತುಟಿಗೂ ದನಿಗೂ ತಾಳೆ ತಪ್ಪಿಸಿತು. ಮೊಬೈಲು ಕತ್ತಲಲ್ಲಿ ಚಿತ್ರ ತೆಗೆಯುವಾಗ ಒಂದೇ ವೇಗ ಇಟ್ಟುಕೊಳ್ಳುವುದಿಲ್ಲ, ನಿಧಾನ ಮಾಡುತ್ತದೆ, ಮತ್ತೆ ಓಡುತ್ತದೆ. ತಂತ್ರಾಂಶ ಅದನ್ನು ಒಂದೇ ವೇಗ ಅಂತ ತಿಳಿದು ನಕಲು ಮಾಡಿತು. ದೊಡ್ಡವ್ವ "ಕಲ್ಲೇ" ಅಂದಾಗ ಪರದೆಯ ಮೇಲಿನ ಬಾಯಿ ಇನ್ನೂ "ಮೆಲ್ಲಕ" ಅನ್ನುತ್ತಿತ್ತು. ನಾನು ದನಿಯನ್ನು ಹಿಂದಕ್ಕೆ ಸರಿಸಿದೆ. ಮೊದಲ ಸಾಲಿಗೆ ಕೂಡಿತು, ಕೊನೆಯ ಸಾಲಿಗೆ ಮತ್ತೆ ಹರಿದುಹೋಯಿತು. ತುಂಡು ತುಂಡು ಮಾಡಿ ಸರಿಸಿದೆ. ಅರ್ಧ ಮುಗಿಸುವಷ್ಟರಲ್ಲಿ ತಂತ್ರಾಂಶ ಸತ್ತಿತು. ಎಬ್ಬಿಸಿದರೆ, ನಿಮ್ಮ ಕೆಲಸ ಉಳಿಸಿಟ್ಟಿದ್ದೇನೆ ಅಂತ ಹಿಂದಿನ ವಾರದ್ದನ್ನು ತಂದು ಮುಂದಿಟ್ಟಿತು.

ಅಂತರ್ಜಾಲದಲ್ಲಿ ಇದರ ಬಳಕೆದಾರರ ಕಟ್ಟೆ ಒಂದಿದೆ. ಅಲ್ಲಿ ವಿನಯದಿಂದಲೇ ತೊಂದರೆ ಬರೆದೆ. ಒಬ್ಬ ಮಹಾಶಯ, ಹೊಸ ಆವೃತ್ತಿ ಹಾಕಿಕೊಳ್ಳಿ ಅಂದ. ಹಾಕಿಕೊಂಡರೆ ಇದರಲ್ಲೂ ಕಳಚುತ್ತಿದ್ದ ಒತ್ತಕ್ಷರ ಸರಿಹೋಯಿತು, ದನಿಯೇ ಬರುವುದು ನಿಂತಿತು. ಮತ್ತೆ ಹಳೆಯದನ್ನೇ ಹಾಕಿಕೊಂಡೆ. ಇನ್ನೊಬ್ಬ, ಮೊಬೈಲಿನಲ್ಲಿ ತೆಗೆದದ್ದೇ ನಿಮ್ಮ ತಪ್ಪು ಅಂದ. ಮೂರನೆಯವನ ಉತ್ತರ ನನಗೆ ಬಾಯಿಪಾಠ ಆಗಿದೆ. ಮೂಲ ಸಂಕೇತ ಎಲ್ಲರಿಗೂ ತೆರೆದೇ ಇದೆ, ಬೇಕಾದರೆ ನೀವೇ ತಿದ್ದಿಕೊಳ್ಳಬಹುದು, ಪುಕ್ಕಟೆ ಪಡೆದವರು ದೂರಬಾರದು ಅಂತ. ಓದಿ ವಾಕರಿಕೆ ಬಂತು. ಬಣ್ಣ ಬಿಟ್ಟ ಚಾದರ ಹಿಡಿದು ಗಿರಾಕಿ ಅಂಗಡಿಗೆ ಬಂದರೆ, ಮಗ್ಗ ಅಲ್ಲಿದೆ, ಕೂತು ನೇಯ್ದುಕೊಳ್ಳಿ ಅಂತ ನಮ್ಮ ಅಪ್ಪ ಯಾವತ್ತಾದರೂ ಅಂದಿದ್ದನೇ? ಅಂದಿದ್ದರೆ ಸೊಲ್ಲಾಪುರದಲ್ಲಿ ನಮ್ಮ ಅಂಗಡಿ ಉಳಿಯುತ್ತಿತ್ತೇ? ಇವರೆಲ್ಲ ಕೂಡಿ ಒಂದನ್ನು ನೆಟ್ಟಗೆ ಮಾಡಬಾರದೇ ಅಂದರೆ ಅದೂ ಇಲ್ಲ. ಜಗಳಾಡಿ ಬೇರೆ ಬೇರೆ ಒಲೆ ಹೂಡಿದ್ದಾರೆ, ಯಾವ ಒಲೆಯ ಮೇಲೂ ಅನ್ನ ಪೂರ್ತಿ ಬೆಂದಿಲ್ಲ.

ಮದುವೆಯ ಹುಡುಗಿ, ದೊಡ್ಡವ್ವನ ಮೊಮ್ಮಗಳು, ಸೀರೆ ತೆಗೆಯಲು ಸೊಲ್ಲಾಪುರಕ್ಕೆ ಬಂದಾಗ ನನ್ನ ಮುಖ ನೋಡಿ ನಕ್ಕಳು.

"ಆತ್ಯಾ, ಮೊಬೈಲನ್ಯಾಗ ಮಾಡಿದ್ರ ಒಂದ ತಾಸಿನ್ಯಾಗ ಆಗ್ತದ. ಕೊಡ್ರಿ ಇಕಡ."

ಒಂದು ತುಣುಕು ಕೊಟ್ಟೆ. ಮೂಲೆಯಲ್ಲಿ ಆ್ಯಪಿನ ಮುದ್ರೆ, ದೊಡ್ಡವ್ವನ ತಲೆಯ ಸುತ್ತ ಹಾರುವ ಗುಲಾಬಿ ಹೃದಯಗಳು, ಹಿಂದೆ ಯಾವುದೋ ಸಿನಿಮಾದ ಸಂಗೀತ. ತುಟಿ ಮಾತ್ರ ದನಿಗೆ ಸರಿಯಾಗಿ ಕೂಡಿತ್ತು. ಅದು ನನಗೆ ಇನ್ನೂ ಅಸಹ್ಯವಾಯಿತು. "ಬ್ಯಾಡವಾ, ನಾ ಮಾಡ್ತೀನಿ" ಅಂದು ಅವಳ ಮೊಬೈಲಿನಿಂದ ಆ ತುಣುಕನ್ನೂ ಅಳಿಸಿಸಿದೆ. ನಾನು ಹಟಮಾರಿ ನಿಜ. ದೊಡ್ಡವ್ವ ದನಿ ಒಪ್ಪಿಸಿದ್ದು ನನಗೆ, ಗುಲಾಬಿ ಹೃದಯಗಳಿಗಲ್ಲ.

ದೀಪಾವಳಿಯ ಹೊತ್ತಿಗೆ ಕೆಲಸ ಒಂದು ಹದಕ್ಕೆ ಬಂತು. ಸಣ್ಣ ಸಣ್ಣ ತುಂಡು ಮಾಡಿ ತುಟಿಯನ್ನು ದನಿಗೆ ಕೂಡಿಸಿದ್ದೆ. ಅಮಾವಾಸ್ಯೆಯ ಸಂಜೆ ಅಂಗಡಿಯ ಪೂಜೆ ಮುಗಿಸಿ, "ಅಣ್ಣಾ, ದೊಡ್ಡವ್ವನ ಹಾಡ ಪಕ್ಕಾ ಆತ, ಉಳಿಸಿಟ್ಟೀನಿ. ಹಬ್ಬ ಮುಗದ ಮ್ಯಾಲ ತಗಿಯೂದಷ್ಟ" ಅಂತ ಸಂತೋಷದಿಂದ ಹೇಳಿದೆ.

ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ. ದಿನದ ವ್ಯಾಪಾರ ಕಚ್ಚಾ ಚೀಟಿಯಲ್ಲಿ ಬರೆಯುವುದು, ಅದನ್ನು ಪಕ್ಕಾ ವಹಿಗೆ ಏರಿಸುವುದು. ಪಾಡ್ಯದ ದಿನ ಹೊಸ ವಹಿ ಪೂಜಿಸುವ ಮೊದಲು, ವರ್ಷದ ಅಷ್ಟೂ ಕಚ್ಚಾ ಚೀಟಿಗಳನ್ನು ಹರಿದು, ನೀರಲ್ಲಿ ನೆನೆಸಿ ಹೊರಹಾಕಬೇಕು. ಪಕ್ಕಾಕ್ಕೆ ಏರಿದ ಮೇಲೆ ಕಚ್ಚಾ ಮನೆಯಲ್ಲಿಟ್ಟುಕೊಂಡರೆ ಅದು ಹೊಲಸು ಎಂಬುದು ಅಪ್ಪನ ನಂಬಿಕೆ. ಅಣ್ಣ ಈಗಲೂ ಅದನ್ನು ಶ್ರದ್ಧೆಯಿಂದ ಮಾಡುತ್ತಾನೆ. ಕಂಪ್ಯೂಟರ್ ಬಂದ ಮೇಲೆ ಅದರೊಳಗಿನ ಕಚ್ಚಾ ಬಿಲ್ಲುಗಳನ್ನೂ ಅದೇ ಮುಹೂರ್ತದಲ್ಲಿ ಅಳಿಸಿ, ಪರದೆಗೆ ಕುಂಕುಮ ಹಚ್ಚುತ್ತಾನೆ. ನಾನೂ ಅದೇ ರೂಢಿಯಲ್ಲಿ ಮೊಬೈಲಿನ ಅಸಲು ವಿಡಿಯೋಗಳಿಗೆ ದೊಡ್ಡವ್ವ-ಕಚ್ಚಾ, ಜೋಡಿಸಿದ್ದಕ್ಕೆ ದೊಡ್ಡವ್ವ-ಪಕ್ಕಾ ಅಂತ ಹೆಸರಿಟ್ಟಿದ್ದೆ.

ಪಾಡ್ಯದ ಬೆಳಿಗ್ಗೆ ನಾನು ಸ್ನಾನ ಮಾಡಿ ಅಂಗಡಿಗೆ ಬರುವಷ್ಟರಲ್ಲಿ ಕುಂಕುಮ ಹಚ್ಚಿಯಾಗಿತ್ತು. ಅಣ್ಣನ ಮುಖದಲ್ಲಿ ಹಬ್ಬದ ಕಳೆ.

"ನಿನ್ನ ದೊಡ್ಡವ್ವನ ಕಚ್ಚಾನೂ ತಗದ ಒಗದೀನಿ ನೋಡ. ಏನ ಅದು, ಅರ್ಧಾ ಕಂಪ್ಯೂಟರ ತಿಂದಿತ್ತ. ಪಕ್ಕಾ ಹಂಗs ಅದ, ಅದಕ್ಕ ಕೈ ಹಚ್ಚಿಲ್ಲ."

"ಅಣ್ಣಾ, ಅಸಲ ವಿಡಿಯೋ ತಗದ್ಯಾ?"

"ಪಕ್ಕಾ ಅದ ಅಂತ ನೀನs ನಿನ್ನಿ ಹೇಳಿದ್ಯಲ್ಲ ಬೇ! ಕಸದ ಬುಟ್ಟಿನೂ ಖಾಲಿ ಮಾಡೀನಿ. ಸ್ವಚ್ಛ!"

ಅವನು ಉಳಿಸಿದ ಪಕ್ಕಾದೊಳಗೆ ಹಾಡೂ ಇರಲಿಲ್ಲ, ದೊಡ್ಡವ್ವನೂ ಇರಲಿಲ್ಲ. ಇಲ್ಲಿ ಕತ್ತರಿಸು, ಅಲ್ಲಿ ಜೋಡಿಸು ಎಂಬ ಸೂಚನೆಗಳು ಮಾತ್ರ ಇದ್ದವು. ಈ ತಂತ್ರಾಂಶಗಳ ಪದ್ಧತಿಯೇ ಅದು. ವ್ಯಾಪಾರಿಯ ಮಗನಿಗೆ ಅದು ಹೇಗೆ ಹೊಳೆಯಬೇಕು? ಅವನ ಜನ್ಮದಲ್ಲಿ ಪಕ್ಕಾ ಎಂದರೆ ಕಚ್ಚಾದಲ್ಲಿ ಇದ್ದದ್ದೆಲ್ಲ ಇರುವಂಥದ್ದು. ಮೊಬೈಲಿನಲ್ಲಿ ಜಾಗವಿಲ್ಲ ಅಂತ ಅಲ್ಲಿಂದ ಮೊದಲೇ ತೆಗೆದಿದ್ದೆ. ತಂತ್ರಾಂಶ ತೆರೆದೆ. ಕಡತಗಳು ಸಿಗುತ್ತಿಲ್ಲ, ಯೋಜನೆಯಿಂದ ತೆಗೆದುಹಾಕಲೇ ಅಂತ ಬಹಳ ಮರ್ಯಾದೆಯಿಂದ ಕೇಳಿತು. ನಾನು ಅಣ್ಣನಿಗೆ, ಕಂಪ್ಯೂಟರಿಗೆ, ಆ ಮೂರನೆಯ ಮಹಾಶಯನಿಗೆ, ಎಲ್ಲರಿಗೂ ಕೂಡಿಯೇ ಬೈದೆ. ಹಬ್ಬದ ದಿನ, ಗಿರಾಕಿಗಳ ಮುಂದೆ. ಅಣ್ಣ ಸಂಗತಿ ತಿಳಿದ ಮೇಲೆ ಕುಂಕುಮದ ಬಟ್ಟಲು ಹಿಡಿದುಕೊಂಡೇ ಗಾದಿಯ ಮೇಲೆ ಕುಸಿದು ಕೂತ. "ದೊಡ್ಡವ್ವಗ ಏನ ಹೇಳೂದ" ಅಂದ. ಅವನ ಮದುವೆಯ ಅರಿಷಿಣಕ್ಕೂ ಅವಳೇ ಹಾಡಿದ್ದಳು. ಅಳಿಸಿದ್ದನ್ನು ತೆಗೆಸಿಕೊಡುವ ಒಬ್ಬನ ಹತ್ತಿರ ಕಂಪ್ಯೂಟರ್ ಹೊತ್ತುಕೊಂಡು ಹೋದೆವು. ಏನೂ ಬರಲಿಲ್ಲ.

ಹಾಳಾದದ್ದನ್ನು ಬೇರುಸಹಿತ ಕಿತ್ತುಹಾಕೋಣ ಅಂತ ಹೊರಟಾಗ, ಅದು ಎಲ್ಲೆಲ್ಲಿ ಏನೇನು ಬಚ್ಚಿಟ್ಟಿದೆ ಅಂತ ನೋಡಿದೆ. ಕಣ್ಣಿಗೆ ಕಾಣದ ಒಂದು ಮೂಲೆಯಲ್ಲಿ ನಮೂನೆಯ ತುಂಡುಗಳು ಇದ್ದವು. ಪ್ರಾಕ್ಸಿಗಳು. ಕಚ್ಚಾ ಅಂತ ಗುರುತಿಲ್ಲದ್ದರಿಂದ ಅಣ್ಣನ ಕೈಗೆ ಸಿಕ್ಕಿರಲಿಲ್ಲ. ತೆರೆದರೆ ದೊಡ್ಡವ್ವನ ಮುಖ ಹಸಿರು ಸೀರೆಯ ಮೇಲೊಂದು ಕಂದು ಮಸುಕು. ಮೂಗಿನ ನತ್ತು ಒಂದು ಚುಕ್ಕೆ. ತುಟಿ ಹಿಂದೆ, ದನಿ ಮುಂದೆ. ಆದರೆ ದನಿ ಪೂರಾ ಇತ್ತು, ಸೀಳಿದ ಜಾಗವೂ ಸೇರಿ.

ಆ ತಂತ್ರಾಂಶಕ್ಕೆ ಇದಕ್ಕಾಗಿ ನಾನು ಋಣಿಯಾಗಬೇಕು ಅಂತ ಕೆಲವರು ಅಂದಾರು. ಆಗಿಲ್ಲ. ಥಾನು ಸುಟ್ಟುಹೋಗಿ ನಮೂನೆ ಉಳಿದರೆ ಯಾವ ವ್ಯಾಪಾರಿ ಪೇಢೆ ಹಂಚುತ್ತಾನೆ? ಆ ಮಸುಕನ್ನೇ ಮತ್ತೆ ಜೋಡಿಸಲು ಕೂತೆ. ಜೋಡಿಸಿದ್ದು ಹೊರಗೆ ತೆಗೆಯುವಾಗ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಂತಿತು. ಅರಿಷಿಣದ ದಿನ ಬಂದೇಬಿಟ್ಟಿತು. ಬೇಸತ್ತು, ಕತ್ತರಿಸದ, ಜೋಡಿಸದ, ಶೀರ್ಷಿಕೆಯಿಲ್ಲದ, ಕೆಮ್ಮು ಬೈಗುಳ ಎಲ್ಲ ಇದ್ದ ಆ ತುಂಡುಗಳನ್ನು ಹಾಗೇ ಪೆನ್‌ಡ್ರೈವಿಗೆ ಹಾಕಿಕೊಂಡು ಅಣ್ಣನ ಜತೆ ಅಕ್ಕಲಕೋಟದ ಬಸ್ಸು ಹತ್ತಿದೆ. ಎಷ್ಟು ತಿಂಗಳ ಕೆಲಸ, ಕೈಯಲ್ಲಿ ಏನು ಅಂತ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಹೇಸಿಗೆ.

ಪಡಸಾಲೆಯಲ್ಲಿ ಬೀಸುಕಲ್ಲಿಗೆ ಅರಿಷಿಣ ಕುಂಕುಮ ಏರಿಸಿ ಕಂಕಣ ಕಟ್ಟಿದ್ದರು. ಗೋಡೆಗೆ ಟಿವಿ. ದೊಡ್ಡವ್ವ ಅದೇ ಹಸಿರು ಸೀರೆ ಉಟ್ಟು, ಕುತ್ತಿಗೆಯ ಬಟ್ಟೆಯ ಮೇಲೆ ಸೆರಗು ಹೊದ್ದು, ಕಲ್ಲಿನ ಎದುರಿಗೇ ಕೂತಿದ್ದಳು. ನನ್ನನ್ನು ಕಂಡು ಹುಬ್ಬು ಹಾರಿಸಿದಳು. ತಂದಿಯೋ ಇಲ್ಲೋ ಅಂತ. ನಾನು ಅವಳ ಮುಖ ನೋಡದೆ ಪೆನ್‌ಡ್ರೈವು ಚುಚ್ಚಿದೆ.

ಚಿತ್ರ ಬಂತು. "ಇದೇನ ಆತ್ಯಾ, ಚಂದಂಗ ಕಾಣ್ಸೂದೇ ಇಲ್ಲಾ" ಅಂದಳು ಮೊಮ್ಮಗಳು. ಹೆಂಗಸರು ಕಣ್ಣು ಕಿರಿದು ಮಾಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಆ ಕಂದು ಮಸುಕು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಮನೆ ಅದುರುವಂತೆ ಕೂಗಿತು. "ಏ ಹಾಲ ಉಕ್ಕಾಕತ್ತದ ನೋಡ ಬೇ! ಲಕ್ಷ್ಯ ಎಲ್ಲದ ನಿಂದು?"

ದೊಡ್ಡವ್ವನ ಸೊಸೆ ಬೀಸುಕಲ್ಲಿನ ಗೂಟ ಬಿಟ್ಟು, "ಬಂದೆರಿ ಅತ್ತಿ" ಅಂತ ಎದ್ದು ಅಡುಗೆಮನೆಗೆ ಓಡಿದಳು. ಬಾಗಿಲ ತನಕ ಹೋಗಿ ನಿಂತಳು. ತಿರುಗಿ ಬರುವಾಗ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹಾಡು ಶುರುವಾಯಿತು. ಸೊಸೆ ಮತ್ತೆ ಗೂಟ ಹಿಡಿದಳು, ಕಲ್ಲು ತಿರುಗಿತು, ಅರಿಷಿಣದ ಘಾಟು ಎದ್ದಿತು. ಪರದೆಯ ಮೇಲೆ ತುಟಿ ಎಂದಿನಂತೆ ಹಿಂದೆ ಬಿದ್ದಿತ್ತು. ಅದನ್ನು ನೋಡಲಾರದೆ ನಾನು ಕಣ್ಣು ತೆಗೆದೆ. ಕಲ್ಲಿನ ಎದುರಿಗೆ ದೊಡ್ಡವ್ವ ಟಿವಿಗೆ ಬೆನ್ನು ಹಾಕಿ ಕೂತಿದ್ದಳು. ಅವಳಿಗೆ ಚಿತ್ರ ಬೇಕಾಗಿರಲಿಲ್ಲ. ದನಿಯ ಜತೆ ಅವಳ ತುಟಿಗಳು ಆಡುತ್ತಿದ್ದವು. "ಮೆಲ್ಲಕ" ಅಂದಲ್ಲಿ ಮೆಲ್ಲಕ, "ಕಲ್ಲೇ" ಅಂದಲ್ಲಿ ಕಲ್ಲೇ. ದನಿ ಸೀಳುವ ಜಾಗಕ್ಕೆ ಬಂದಾಗ ಅವಳೂ ಒಂದು ಕ್ಷಣ ನಿಂತು ಉಸಿರು ತೆಗೆದುಕೊಂಡಳು.

ಅಣ್ಣ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಕೂಡೇದ ನೋಡ" ಅಂದ. ಹೌದು, ಕೂಡಿತ್ತು. ಒಂದಕ್ಷರವೂ ಹಿಂದೆ ಮುಂದೆ ಆಗಲಿಲ್ಲ.